ಸರ್ವರ್ ಒಳಗೆ ಬಿಡದಿದ್ದಾಗ ಮೊದಲು ತೆರೆಯಬೇಕಾದ ಲಾಗ್

ಎಂಟು ತಿಂಗಳಿನಿಂದ ದಿನವೂ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಒಳಹೊಕ್ಕು ಕೆಲಸ ಮಾಡುತ್ತಿದ್ದ ಲಿನಕ್ಸ್ ಸರ್ವರ್ ಒಂದು ಸಂಜೆ ಇದ್ದಕ್ಕಿದ್ದಂತೆ ನನ್ನನ್ನು ಒಳಗೆ ಬಿಡಲಿಲ್ಲ. ಪರದೆಯ ಮೇಲೆ ಕಂಡದ್ದು ‘ಪರ್ಮಿಷನ್ ಡಿನೈಡ್’ ಎಂಬ ಎರಡು ಪದಗಳು, ಅವುಗಳ ಪಕ್ಕದ ಆವರಣದೊಳಗೆ ‘ಪಬ್ಲಿಕ್‌ಕೀ’ ಎಂಬ ಇನ್ನೊಂದು ಪದ. ಬೆಳಿಗ್ಗೆಯಷ್ಟೇ ಇದೇ ಲ್ಯಾಪ್‌ಟಾಪಿನಿಂದ, ಇದೇ ಕೀಲಿಯಿಂದ, ಇದೇ ಬಳಕೆದಾರನ ಹೆಸರಿನಲ್ಲಿ ಲಾಗಿನ್ ಆಗಿದ್ದೆ. ಕೀಲಿ ಕೆಟ್ಟಿರಬಹುದೆಂದು ಊಹಿಸಿ ಹೊಸ ಕೀಲಿ ಜೋಡಿಯೊಂದನ್ನು (ನಮ್ಮಲ್ಲೇ ಉಳಿಯುವ ಖಾಸಗಿ ಭಾಗ, ಸರ್ವರಿಗೆ ಕೊಡುವ ಸಾರ್ವಜನಿಕ ಭಾಗ) ತಯಾರಿಸಿದೆ. ಆದರೆ ಅದರ ಸಾರ್ವಜನಿಕ ಭಾಗವನ್ನು ಸರ್ವರಿಗೆ ಸೇರಿಸಬೇಕಾದರೆ ಮೊದಲು ಒಳಗೆ ಹೋಗಬೇಕಲ್ಲವೇ? ಕೀಲಿಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಏಜೆಂಟ್ ಎಂಬ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಆರಂಭಿಸಿದೆ, ಲ್ಯಾಪ್‌ಟಾಪನ್ನೇ ರೀಬೂಟ್ ಮಾಡಿದೆ, ಅದೇ ಕಮಾಂಡನ್ನು ಮತ್ತೆ ಮತ್ತೆ ಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ಸಂದೇಶವೇ ಬದಲಾಗಿ ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬರತೊಡಗಿತು. ಈಗ ನನ್ನ ಮುಂದೆ ಒಂದರ ಬದಲು ಎರಡು ಸಮಸ್ಯೆಗಳಿದ್ದವು, ಎರಡನೆಯದು ನಾನೇ ತಂದುಕೊಂಡದ್ದು ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಕೊನೆಗೆ ಸರ್ವರ್ ಒದಗಿಸುವವರ ವೆಬ್ ಕನ್ಸೋಲ್ ಮೂಲಕ ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಆಗಿ ಒಳಗೆ ಹೋಗಿ ಲಾಗ್ (ಸರ್ವರ್ ಘಟನೆಗಳನ್ನು ಬರೆದಿಡುವ ದಾಖಲೆ) ತೆರೆದಾಗ, ಕಾರಣ ಒಂದೇ ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ‘ಅಥೆಂಟಿಕೇಶನ್ ರೆಫ್ಯೂಸ್ಡ್: ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್ ಫಾರ್ ಡೈರೆಕ್ಟರಿ’, ಅದರ ಮುಂದೆ ನನ್ನ ಹೋಮ್ ಡೈರೆಕ್ಟರಿಯ (ನನ್ನ ಫೈಲ್‌ಗಳಿರುವ ಸ್ವಂತ ಫೋಲ್ಡರಿನ) ಹೆಸರು. ಅಂದರೆ ಡೈರೆಕ್ಟರಿಯ ಒಡೆತನ ಅಥವಾ ಅನುಮತಿ ಸರಿಯಿಲ್ಲದ ಕಾರಣ ದೃಢೀಕರಣವನ್ನು ನಿರಾಕರಿಸಲಾಗಿದೆ ಎಂದರ್ಥ. ಅಂದು ಮಧ್ಯಾಹ್ನ ಕೆಲವು ಫೈಲ್‌ಗಳನ್ನು ಸಹೋದ್ಯೋಗಿಗಳ ಗುಂಪಿನೊಂದಿಗೆ ಹಂಚಿಕೊಳ್ಳಲೆಂದು ನನ್ನ ಹೋಮ್ ಡೈರೆಕ್ಟರಿಗೆ ಸಿಎಚ್‌ಮಾಡ್ ಕಮಾಂಡಿನಿಂದ 775 ಅನುಮತಿ ಕೊಟ್ಟಿದ್ದೆ. ಆ ಗುಂಪಿನವರಿಗೆ ಅಲ್ಲಿ ಬರೆಯುವ ಹಕ್ಕು ಸಿಕ್ಕಿತ್ತು, ಅದರಿಂದಾಗಿ ನಾನು ಹೊರಗುಳಿದಿದ್ದೆ.

ಕೀಲಿಗೂ ಹೋಮ್ ಡೈರೆಕ್ಟರಿಯ ಅನುಮತಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾದದ್ದು. ಯಾರ ಕೀಲಿಗಳನ್ನು ಒಪ್ಪಬೇಕು ಎಂಬ ಪಟ್ಟಿ ನಮ್ಮ ಹೋಮ್ ಡೈರೆಕ್ಟರಿಯೊಳಗಿನ ಡಾಟ್ ಎಸ್‌ಎಸ್‌ಎಚ್ ಎಂಬ ಡೈರೆಕ್ಟರಿಯಲ್ಲಿ, ಆಥರೈಸ್ಡ್ ಕೀಸ್ ಎಂಬ ಫೈಲಿನಲ್ಲಿ ಇರುತ್ತದೆ. ಹೋಮ್ ಡೈರೆಕ್ಟರಿಯಲ್ಲಿ ಬರೆಯುವ ಹಕ್ಕು ಬೇರೊಬ್ಬರಿಗಿದ್ದರೆ, ಅವರು ಡಾಟ್ ಎಸ್‌ಎಸ್‌ಎಚ್ ಡೈರೆಕ್ಟರಿಯ ಹೆಸರನ್ನೇ ಬದಲಿಸಿ, ಅದೇ ಹೆಸರಿನ ತಮ್ಮದೊಂದನ್ನು ಅಲ್ಲಿ ಇಟ್ಟುಬಿಡಬಹುದು. ಆದ್ದರಿಂದ ಎಸ್‌ಎಸ್‌ಎಚ್‌ಡಿ, ಅಂದರೆ ಸರ್ವರಿನಲ್ಲಿ ಎಸ್‌ಎಸ್‌ಎಚ್ ಸಂಪರ್ಕಗಳನ್ನು ಸ್ವೀಕರಿಸುವ ಪ್ರೋಗ್ರಾಮ್, ಆ ಫೈಲಿನಿಂದ ಹಿಡಿದು ಮೇಲಿನ ಹೋಮ್ ಡೈರೆಕ್ಟರಿಯವರೆಗೆ ಪ್ರತಿ ಹಂತವನ್ನೂ ಪರೀಕ್ಷಿಸುತ್ತದೆ. ಒಡೆಯನನ್ನು ಬಿಟ್ಟು ಗುಂಪಿಗಾಗಲಿ ಉಳಿದವರಿಗಾಗಲಿ ಬರೆಯುವ ಹಕ್ಕು ಕಂಡರೆ ಆ ಪಟ್ಟಿಯನ್ನು ನಂಬುವುದಿಲ್ಲ. ಸ್ಟ್ರಿಕ್ಟ್‌ಮೋಡ್ಸ್ ಎಂಬ ಈ ಸೆಟ್ಟಿಂಗ್ ಮೊದಲಿನಿಂದಲೇ ಚಾಲ್ತಿಯಲ್ಲಿರುತ್ತದೆ. ಇದನ್ನು ‘ನೋ’ ಮಾಡಿದರೆ ಲಾಗಿನ್ ಸರಿಹೋಗುತ್ತದೆ ಎಂಬ ಸಲಹೆ ಅಲ್ಲಲ್ಲಿ ಕಾಣಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಹೋಮ್ ಡೈರೆಕ್ಟರಿಯಿಂದ ಗುಂಪಿನ ಬರೆಯುವ ಹಕ್ಕನ್ನು ತೆಗೆದು, ಡಾಟ್ ಎಸ್‌ಎಸ್‌ಎಚ್ ಡೈರೆಕ್ಟರಿಗೆ 700, ಆಥರೈಸ್ಡ್ ಕೀಸ್ ಫೈಲಿಗೆ 600 ಅನುಮತಿ (ಎರಡೂ ಒಡೆಯನಿಗೆ ಮಾತ್ರ) ಕೊಟ್ಟು, ಎಲ್ಲದರ ಒಡೆಯ ಆ ಬಳಕೆದಾರನೇ ಎಂದು ಖಚಿತಪಡಿಸಿಕೊಂಡರೆ ಸಾಕು. ರೂಟ್ ಆಗಿದ್ದು ಈ ಫೈಲನ್ನು ಸೃಷ್ಟಿಸಿದವರು ಒಡೆತನ ಬದಲಿಸಲು ಮರೆಯುವುದು ಬಹಳ ಸಾಮಾನ್ಯ.

ಈ ಘಟನೆಯ ನಂತರ ನಾನು ಒಂದು ಕ್ರಮವನ್ನು ಬಿಡದೆ ಪಾಲಿಸುತ್ತಿದ್ದೇನೆ: ಕ್ಲೈಂಟ್ ಕಡೆಯಲ್ಲಿ, ಅಂದರೆ ಸಂಪರ್ಕಿಸುವ ಯಂತ್ರದಲ್ಲಿ, ಕುಳಿತು ಊಹಿಸುವ ಮೊದಲು ಸರ್ವರಿನ ಲಾಗ್ ಓದುವುದು. ದೃಢೀಕರಣ ವಿಫಲವಾದಾಗ ಕ್ಲೈಂಟಿಗೆ ಕಾರಣ ಹೇಳದಿರುವುದು ಕೊರತೆಯಲ್ಲ, ಅದು ಬೇಕೆಂದೇ ಮಾಡಿರುವ ವ್ಯವಸ್ಥೆ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳ ಕಳವು ನಡೆದ ಮೇಲೆ 1995ರಲ್ಲಿ ಟಾಟು ಯುಲೊನೆನ್ ಬರೆದ ಎಸ್‌ಎಸ್‌ಎಚ್ ಆಗಲಿ, 1999ರಲ್ಲಿ ಓಪನ್‌ಬಿಎಸ್‌ಡಿ ತಂಡದವರು ಅದರಿಂದ ಬೆಳೆಸಿದ, ಇಂದು ನಾವೆಲ್ಲ ಬಳಸುವ ಓಪನ್‌ಎಸ್‌ಎಸ್‌ಎಚ್ ಆಗಲಿ, ಬಾಗಿಲಾಚೆ ನಿಂತಿರುವವನು ಶತ್ರುವೂ ಆಗಿರಬಹುದು ಎಂಬ ಎಚ್ಚರದಿಂದಲೇ ರೂಪುಗೊಂಡಂಥವು. ಅಸ್ತಿತ್ವದಲ್ಲೇ ಇಲ್ಲದ ಬಳಕೆದಾರನ ಹೆಸರು ಕೊಟ್ಟರೂ ಸರ್ವರ್ ಎಂದಿನಂತೆ ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟದ್ದು ಏನೇ ಇರಲಿ ಎಂದಿನಂತೆಯೇ ನಿರಾಕರಿಸುತ್ತದೆ. ಹೊರಗಿರುವವನಿಗೆ ವ್ಯತ್ಯಾಸ ತಿಳಿಯಬಾರದು. ಆದರೆ ಲಾಗ್‌ನಲ್ಲಿ ‘ಇನ್‌ವ್ಯಾಲಿಡ್ ಯೂಸರ್’ ಎಂದು ಬರೆದಿರುತ್ತದೆ, ಮತ್ತು ಕಮಾಂಡಿನಲ್ಲಿ ಹೆಸರು ಕೊಡದಿದ್ದರೆ ಎಸ್‌ಎಸ್‌ಎಚ್ ನಮ್ಮ ಲ್ಯಾಪ್‌ಟಾಪಿನ ಬಳಕೆದಾರನ ಹೆಸರನ್ನೇ ಕಳುಹಿಸುತ್ತದೆ ಎಂಬ ಸಣ್ಣ ಸಂಗತಿಯನ್ನು ಆ ಒಂದು ಸಾಲು ಕ್ಷಣದಲ್ಲಿ ನೆನಪಿಸುತ್ತದೆ.

ಲಾಗ್ ಎಲ್ಲಿದೆ ಎಂಬುದು ಡಿಸ್ಟ್ರಿಬ್ಯೂಷನ್‌ಗೆ ತಕ್ಕಂತೆ ಬದಲಾಗುತ್ತದೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಸಾಂಪ್ರದಾಯಿಕವಾಗಿ /ವಾರ್/ಲಾಗ್/ಆಥ್.ಲಾಗ್, ರೆಡ್ ಹ್ಯಾಟ್ ಬಳಗದಲ್ಲಿ /ವಾರ್/ಲಾಗ್/ಸೆಕ್ಯೂರ್. ಸಿಸ್ಟಮ್‌ಡಿ (ಸೇವೆಗಳನ್ನು ನಡೆಸುವ ವ್ಯವಸ್ಥೆ) ಇರುವ ಕಡೆ ಜರ್ನಲ್‌ಸಿಟಿಎಲ್ ಕಮಾಂಡಿಗೆ ‘-ಯು’ ಆಯ್ಕೆಯೊಂದಿಗೆ ಸೇವೆಯ ಹೆಸರು ಕೊಟ್ಟರೆ ಆಯಿತು. ಆ ಹೆಸರು ಡೆಬಿಯನ್ ಕಡೆಯಲ್ಲಿ ಎಸ್‌ಎಸ್‌ಎಚ್, ರೆಡ್ ಹ್ಯಾಟ್ ಕಡೆಯಲ್ಲಿ ಎಸ್‌ಎಸ್‌ಎಚ್‌ಡಿ. ಜೊತೆಗೆ ‘-ಎಫ್’ ಕೊಟ್ಟು ಲಾಗ್ ಹರಿಯುತ್ತಿರುವಂತೆಯೇ ಇನ್ನೊಂದು ಕಿಟಕಿಯಿಂದ ಒಂದೇ ಒಂದು ಬಾರಿ ಲಾಗಿನ್ ಪ್ರಯತ್ನಿಸಿ, ಆ ಕ್ಷಣದಲ್ಲಿ ಮೂಡುವ ಸಾಲುಗಳನ್ನು ಓದುವುದು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಫಲಕಾರಿ. ಇಲ್ಲಿ ಒಂದು ಮಾತು ಸೇರಿಸಬೇಕು: 2024ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ರಿಂದೀಚೆಗೆ ಪ್ರತಿ ಸಂಪರ್ಕವನ್ನು ಎಸ್‌ಎಸ್‌ಎಚ್‌ಡಿ-ಸೆಷನ್ ಎಂಬ ಪ್ರತ್ಯೇಕ ಪ್ರೋಗ್ರಾಮ್ ನಿರ್ವಹಿಸುವುದರಿಂದ, ಬಹಳಷ್ಟು ಸಾಲುಗಳು ಆ ಹೆಸರಿನಲ್ಲಿ ದಾಖಲಾಗುತ್ತವೆ. ಹಳೆಯ ಅಭ್ಯಾಸದಂತೆ ಎಸ್‌ಎಸ್‌ಎಚ್‌ಡಿ ಎಂಬ ಹೆಸರನ್ನಷ್ಟೇ ಹುಡುಕುವ ಸ್ಕ್ರಿಪ್ಟ್‌ಗಳಿಗೆ ಅವು ಕಾಣದೇ ಹೋಗಬಹುದು.

ಲಾಗ್ ತೆರೆಯುವ ಮುನ್ನ ಸಮಸ್ಯೆ ನಿಜವಾಗಿಯೂ ದೃಢೀಕರಣದ್ದೇ ಎಂದು ನೋಡಿಕೊಳ್ಳಬೇಕು. ‘ಕನೆಕ್ಷನ್ ಟೈಮ್ಡ್ ಔಟ್’ ಎಂದರೆ ಸರ್ವರಿನಿಂದ ಉತ್ತರವೇ ಬಂದಿಲ್ಲ, ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ಎಸ್‌ಎಸ್‌ಎಚ್‌ನ 22ನೇ ಪೋರ್ಟಿನಲ್ಲಿ (ಸಂಪರ್ಕದ ದ್ವಾರದಲ್ಲಿ) ಯಾವ ಪ್ರೋಗ್ರಾಮೂ ಕಾಯುತ್ತಿಲ್ಲ ಅಥವಾ ಫೈರ್‌ವಾಲ್ ತಿರಸ್ಕರಿಸಿದೆ, ‘ಹೋಸ್ಟ್ ಕೀ ವೆರಿಫಿಕೇಶನ್ ಫೇಲ್ಡ್’ ಎಂದರೆ ನಮ್ಮ ಯಂತ್ರವೇ ಸರ್ವರಿನ ಗುರುತನ್ನು ಒಪ್ಪಿಲ್ಲ. ಈ ಮೂರರಲ್ಲಿಯೂ ನಮ್ಮ ಕೀಲಿಯನ್ನಾಗಲಿ ಪಾಸ್‌ವರ್ಡನ್ನಾಗಲಿ ಇನ್ನೂ ಯಾರೂ ನೋಡಿಯೇ ಇಲ್ಲ. ಅಂದು ನನಗೆ ಕೊನೆಕೊನೆಗೆ ‘ರೆಫ್ಯೂಸ್ಡ್’ ಎಂದು ಬಂದದ್ದಕ್ಕೆ ಕಾರಣ ಫೇಲ್‌ಟುಬ್ಯಾನ್, ಅಂದರೆ ವಿಫಲ ಪ್ರಯತ್ನಗಳನ್ನು ಎಣಿಸಿ ಅವು ಬಂದ ನೆಟ್‌ವರ್ಕ್ ವಿಳಾಸವನ್ನು ತಡೆಯುವ ಪ್ರೋಗ್ರಾಮ್. ಮೊದಲ ಸೆಟ್ಟಿಂಗ್‌ನ ಪ್ರಕಾರ ಅದು 10 ನಿಮಿಷದಲ್ಲಿ 5 ವಿಫಲ ಪ್ರಯತ್ನಗಳನ್ನು ಕಂಡರೆ ಆ ವಿಳಾಸವನ್ನು 10 ನಿಮಿಷ ತಡೆಹಿಡಿಯುತ್ತದೆ. ನಾನು ಅದನ್ನು ‘ಅಗ್ರೆಸಿವ್’ ಎಂಬ ಬಿಗಿಯಾದ ಮೋಡ್‌ನಲ್ಲಿ ಇರಿಸಿದ್ದರಿಂದ ಕೀಲಿಯ ವೈಫಲ್ಯಗಳೂ ಲೆಕ್ಕಕ್ಕೆ ಬಂದಿದ್ದವು. ಕಾರಣ ತಿಳಿಯದೆ ಮತ್ತೆ ಮತ್ತೆ ಪ್ರಯತ್ನಿಸಿದಾಗ ಹೀಗೆ ರೋಗಲಕ್ಷಣವೇ ಬದಲಾಗಿ, ಮೂಲ ಸಮಸ್ಯೆ ಅದರ ಹಿಂದೆ ಅಡಗಿಬಿಡುತ್ತದೆ.

ಸರ್ವರಿನ ಲಾಗ್ ಕೈಗೆ ಸಿಗದ ಸಂದರ್ಭಗಳೂ ಇವೆ, ಬೇರೆಯವರು ನೋಡಿಕೊಳ್ಳುವ ಯಂತ್ರವಾದರೆ ವಿಶೇಷವಾಗಿ. ಆಗ ಕ್ಲೈಂಟಿನಲ್ಲಿ ಎಸ್‌ಎಸ್‌ಎಚ್ ಕಮಾಂಡಿಗೆ ‘-ವಿ’ ಆಯ್ಕೆ ಕೊಟ್ಟು ಅದು ಹೇಳುವುದನ್ನು ಸಾವಧಾನವಾಗಿ ಓದಬೇಕು. ಮೂರು ‘ವಿ’ಗಳನ್ನು ಕೊಡುವವರೇ ಹೆಚ್ಚು, ಆದರೆ ದೃಢೀಕರಣದ ಮಟ್ಟಿಗೆ ಒಂದೇ ಸಾಕಾಗುತ್ತದೆ, ಸಾಲುಗಳ ರಾಶಿಯಲ್ಲಿ ಕಳೆದುಹೋಗುವುದೂ ತಪ್ಪುತ್ತದೆ. ಮುಖ್ಯವಾಗಿ ಗಮನಿಸಬೇಕಾದವು ಮೂರು ಸಾಲುಗಳು. ‘ಆಫರಿಂಗ್ ಪಬ್ಲಿಕ್ ಕೀ’ ಎಂದರೆ ಕ್ಲೈಂಟ್ ಒಂದು ಕೀಲಿಯನ್ನು ಮುಂದಿಟ್ಟಿದೆ. ‘ಸರ್ವರ್ ಆಕ್ಸೆಪ್ಟ್ಸ್ ಕೀ’ ಎಂದರೆ ಆ ಕೀಲಿ ಪಟ್ಟಿಯಲ್ಲಿದೆ ಎಂದು ಸರ್ವರ್ ಒಪ್ಪಿದೆ. ‘ಅಥೆಂಟಿಕೇಶನ್ಸ್ ದಟ್ ಕ್ಯಾನ್ ಕಂಟಿನ್ಯೂ’ ಎಂದರೆ ಇನ್ನು ಯಾವ ಯಾವ ವಿಧಾನಗಳಿಂದ ಪ್ರಯತ್ನಿಸಬಹುದು ಎಂದು ಸರ್ವರ್ ತಿಳಿಸಿದೆ. ‘ಪರ್ಮಿಷನ್ ಡಿನೈಡ್’ ಪಕ್ಕದ ಆವರಣದಲ್ಲಿ ಬರುವುದೂ ಈ ಕೊನೆಯ ಪಟ್ಟಿಯೇ. ಅಲ್ಲಿ ‘ಪಾಸ್‌ವರ್ಡ್’ ಎಂಬ ಪದವೇ ಇಲ್ಲದಿದ್ದರೆ ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ಯೋಚಿಸುವ ಅಗತ್ಯವೇ ಇಲ್ಲ.

ನಮ್ಮ ಕೀಲಿಯ ಹೆಸರಿನೊಂದಿಗೆ ‘ಆಫರಿಂಗ್’ ಸಾಲು ಬಾರದೇ ಇದ್ದರೆ ತಪ್ಪು ನಮ್ಮ ಕಡೆಯದು: ಕೀಲಿ ಬೇರೆಲ್ಲೋ ಇದೆ, ಅಥವಾ ಅದರ ಫೈಲಿನ ಹೆಸರು ಎಸ್‌ಎಸ್‌ಎಚ್ ತಾನಾಗಿ ಹುಡುಕುವಂಥದ್ದಲ್ಲ, ‘-ಐ’ ಆಯ್ಕೆಯಿಂದ ತೋರಿಸಿಕೊಡಬೇಕು. ಖಾಸಗಿ ಕೀಲಿಯನ್ನು ಉಳಿದವರೂ ಓದುವಂತಿದ್ದರೆ ಎಸ್‌ಎಸ್‌ಎಚ್ ಅದನ್ನು ಮುಟ್ಟುವುದೇ ಇಲ್ಲ, ದೊಡ್ಡ ಅಕ್ಷರಗಳಲ್ಲಿ ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತದೆ. ಪೆನ್‌ಡ್ರೈವ್‌ನಿಂದ ನಕಲು ಮಾಡಿಕೊಂಡ ಕೀಲಿಗಳಲ್ಲಿ ಇದನ್ನು ಹೆಚ್ಚಾಗಿ ಕಂಡಿದ್ದೇನೆ. ಕೀಲಿಯನ್ನು ಮುಂದಿಟ್ಟ ಕೂಡಲೇ ‘ಕ್ಯಾನ್ ಕಂಟಿನ್ಯೂ’ ಸಾಲು ಬಂದರೆ ಸರ್ವರ್ ಆ ಕೀಲಿಯನ್ನು ಒಪ್ಪಿಲ್ಲ ಎಂದು ತಿಳಿಯಬೇಕು: ಪಟ್ಟಿಯಲ್ಲಿ ಅದು ಇಲ್ಲ, ಬಳಕೆದಾರನ ಹೆಸರು ತಪ್ಪಿದೆ, ಅಥವಾ ನನಗಾದಂತೆ ಅನುಮತಿಯ ತೊಡಕಿದೆ. ಕೀಲಿಯನ್ನು ಒಪ್ಪಿದ ಮೇಲೂ ಒಳಗೆ ಬಿಡದಿದ್ದರೆ ಪಟ್ಟಿ, ಅನುಮತಿ ಎಲ್ಲವೂ ಸರಿ, ತೊಡಕು ಅದರಿಂದ ಮುಂದಿನ ಹಂತದ್ದು.

ಪಟ್ಟಿಯಲ್ಲಿ ಕೀಲಿ ಇದೆಯೋ ಇಲ್ಲವೋ ಎಂಬುದನ್ನು ಕಣ್ಣಳತೆಯಲ್ಲಿ ನಿರ್ಧರಿಸಬಾರದು. ಟರ್ಮಿನಲ್‌ನಿಂದ ನಕಲು ಮಾಡುವಾಗ ಉದ್ದನೆಯ ಕೀಲಿ ಎರಡು ಮೂರು ಸಾಲುಗಳಾಗಿ ಒಡೆದುಹೋಗುವುದುಂಟು, ಮೊದಲ ಅಕ್ಷರ ಬಿಟ್ಟುಹೋಗುವುದೂ ಉಂಟು; ಒಂದು ಕೀಲಿ ಒಂದೇ ಸಾಲಿನಲ್ಲಿರಬೇಕು. ಎಸ್‌ಎಸ್‌ಎಚ್-ಕೀಜೆನ್ ಕಮಾಂಡಿಗೆ ‘-ಎಲ್’ ಮತ್ತು ‘-ಎಫ್’ ಕೊಟ್ಟು ಎರಡೂ ಕಡೆಯ ಬೆರಳಚ್ಚುಗಳನ್ನು (ಕೀಲಿಯನ್ನು ಗುರುತಿಸುವ ಚಿಕ್ಕ ಅಕ್ಷರಸಾಲುಗಳನ್ನು) ತೆಗೆದು ಹೋಲಿಸಿದರೆ ಸಂಶಯಕ್ಕೆ ಎಡೆಯಿರುವುದಿಲ್ಲ. ಕೀಲಿ ಸೇರಿಸುವಾಗಲೇ ಎಸ್‌ಎಸ್‌ಎಚ್-ಕಾಪಿ-ಐಡಿ ಬಳಸಿದರೆ ಈ ತಾಪತ್ರಯವೇ ಇಲ್ಲ.

ಏಜೆಂಟ್ ಬಳಸುವವರಿಗೆ ಇನ್ನೊಂದು ತೊಂದರೆ ಎದುರಾಗುತ್ತದೆ. ಏಜೆಂಟಿನಲ್ಲಿ ಎಂಟು ಹತ್ತು ಕೀಲಿಗಳಿದ್ದರೆ ಕ್ಲೈಂಟ್ ಅವನ್ನು ಒಂದೊಂದಾಗಿ ಮುಂದಿಡುತ್ತಾ ಹೋಗುತ್ತದೆ, ಸರ್ವರ್ ಪ್ರತಿಯೊಂದನ್ನೂ ಒಂದು ವಿಫಲ ಪ್ರಯತ್ನವೆಂದು ಎಣಿಸುತ್ತದೆ. ಮ್ಯಾಕ್ಸ್‌ಆಥ್‌ಟ್ರೈಸ್ ಎಂಬ ಮಿತಿ ಮೊದಲಿಗೆ 6 ಇರುವುದರಿಂದ ಸರಿಯಾದ ಕೀಲಿಯ ಸರದಿ ಬರುವ ಮುನ್ನವೇ ‘ಟೂ ಮೆನಿ ಅಥೆಂಟಿಕೇಶನ್ ಫೇಲ್ಯೂರ್ಸ್’ ಎಂದು ಸಂಪರ್ಕ ಕಡಿದುಹೋಗುತ್ತದೆ. ಸರ್ವರಿನ ಮಿತಿಯನ್ನು ಏರಿಸುವ ಬದಲು ಕ್ಲೈಂಟಿನ ಸಂರಚನಾ ಫೈಲಿನಲ್ಲಿ ಆ ಸರ್ವರಿಗೆ ಬೇಕಾದ ಕೀಲಿಯನ್ನು ಹೆಸರಿಸಿ, ಐಡೆಂಟಿಟೀಸ್‌ಓನ್ಲಿ ಎಂಬುದನ್ನು ‘ಯೆಸ್’ ಮಾಡುವುದು ಸರಿಯಾದ ಪರಿಹಾರ.

ಯಾರೂ ಏನನ್ನೂ ಬದಲಿಸದೆ, ಬರೀ ಅಪ್‌ಡೇಟ್ ಆದ ಮರುದಿನ ಕೀಲಿ ಕೆಲಸ ಮಾಡದಿದ್ದರೆ ನಾನು ಮೊದಲು ನೋಡುವುದು ಸಹಿಯ ಅಲ್ಗಾರಿದಮ್ಮನ್ನು, ಅಂದರೆ ಕೀಲಿ ನಮ್ಮದೇ ಎಂದು ಸಾಬೀತುಪಡಿಸುವ ಡಿಜಿಟಲ್ ಸಹಿಯನ್ನು ಲೆಕ್ಕಹಾಕುವ ವಿಧಾನವನ್ನು. 2021ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.8, ಆರ್‌ಎಸ್‌ಎ ಬಗೆಯ ಕೀಲಿಯಿಂದ ಎಸ್‌ಎಚ್‌ಎ-1 ಎಂಬ ಹಳೆಯ ಹ್ಯಾಶ್ ವಿಧಾನ ಬಳಸಿ ಮಾಡುವ ಸಹಿಗಳನ್ನು ಒಪ್ಪುವುದನ್ನು ತಾನಾಗಿ ನಿಲ್ಲಿಸಿತು. ಇದರಿಂದ ಆರ್‌ಎಸ್‌ಎ ಕೀಲಿಗಳೇ ನಿರುಪಯುಕ್ತವಾದವು ಎಂಬ ತಪ್ಪು ತಿಳಿವಳಿಕೆ ಹಬ್ಬಿದೆ. ಅದೇ ಕೀಲಿಯಿಂದ ಎಸ್‌ಎಚ್‌ಎ-2 ಬಳಸಿ ಸಹಿ ಮಾಡುವ ಸೌಲಭ್ಯ 2016ರ 7.2ನೇ ಆವೃತ್ತಿಯಿಂದಲೇ ಇದೆ. ಎರಡೂ ತುದಿಗಳು ಅಷ್ಟರಮಟ್ಟಿಗೆ ಹೊಸದಾಗಿದ್ದರೆ ಏನೂ ತೊಂದರೆಯಾಗದು. ಒಂದು ತುದಿ ಬಹಳ ಹಳೆಯದಾದಾಗ ಮಾತ್ರ ಕ್ಲೈಂಟಿನ ವಿವರಗಳಲ್ಲಿ ‘ನೋ ಮ್ಯೂಚುವಲ್ ಸಿಗ್ನೇಚರ್ ಆಲ್ಗಾರಿದಮ್’ ಎಂದೋ, ಸರ್ವರಿನ ಲಾಗ್‌ನಲ್ಲಿ ಈ ಬಗೆಯ ಕೀಲಿ ಪಬ್‌ಕೀಆಕ್ಸೆಪ್ಟೆಡ್‌ಆಲ್ಗಾರಿದಮ್ಸ್ ಪಟ್ಟಿಯಲ್ಲಿಲ್ಲ ಎಂದೋ ಕಾಣಿಸುತ್ತದೆ. ಸಾಧ್ಯವಿದ್ದಲ್ಲಿ ಇಡಿ25519 ಎಂಬ ಬಗೆಯ ಕೀಲಿಗೆ ಬದಲಾಗುವುದು ಒಳ್ಳೆಯದು, 2014ರ 6.5ನೇ ಆವೃತ್ತಿಯಿಂದ ಅದಕ್ಕೆ ಬೆಂಬಲವಿದೆ.

ಪಾಸ್‌ವರ್ಡಿನ ವಿಷಯಕ್ಕೆ ಬಂದರೆ, ಸೆಟ್ಟಿಂಗ್ ಬದಲಿಸಿದರೂ ಬದಲಾಗದಿರುವುದೇ ಹೆಚ್ಚಿನವರ ದೂರು. ಎಸ್‌ಎಸ್‌ಎಚ್‌ಡಿಯ ಮುಖ್ಯ ಸಂರಚನಾ ಫೈಲಿನಲ್ಲಿ ಪಾಸ್‌ವರ್ಡ್‌ಅಥೆಂಟಿಕೇಶನ್ ಅನ್ನು ‘ಯೆಸ್’ ಮಾಡಿ, ಸೇವೆಯನ್ನು ಮರುಪ್ರಾರಂಭಿಸಿ, ಆದರೂ ಸರ್ವರ್ ಪಾಸ್‌ವರ್ಡ್ ಕೇಳದೇ ಹೋದಾಗ ಎಂಥವರೂ ಕಂಗೆಡುತ್ತಾರೆ. ಈ ಸಂರಚನೆಯಲ್ಲಿ ಒಂದು ಸೆಟ್ಟಿಂಗ್ ಎರಡು ಕಡೆ ಬಂದರೆ ಮೊದಲು ಸಿಕ್ಕ ಬೆಲೆಯೇ ಊರ್ಜಿತ, ಕೊನೆಯದಲ್ಲ. ಡೆಬಿಯನ್, ಉಬುಂಟುಗಳಲ್ಲಿ ಮುಖ್ಯ ಫೈಲಿನ ಆರಂಭದಲ್ಲಿಯೇ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಎಂಬ ಡೈರೆಕ್ಟರಿಯ ಫೈಲ್‌ಗಳನ್ನು ಸೇರಿಸಿಕೊಳ್ಳುವ ಸಾಲಿರುತ್ತದೆ. ಕ್ಲೌಡ್ ಯಂತ್ರಗಳಲ್ಲಿ ಕ್ಲೌಡ್-ಇನಿಟ್ (ಯಂತ್ರವನ್ನು ಮೊದಲ ಬಾರಿ ಸಜ್ಜುಗೊಳಿಸುವ ಪ್ರೋಗ್ರಾಮ್) ಅಲ್ಲಿ ತನ್ನದೊಂದು ಫೈಲನ್ನು ಇಟ್ಟು ಅದರಲ್ಲಿ ‘ನೋ’ ಎಂದು ಬರೆದಿದ್ದರೆ, ಕೆಳಗೆ ನಾವು ಎಷ್ಟು ಬಾರಿ ‘ಯೆಸ್’ ಎಂದರೂ ನಡೆಯದು. ಹಾಗಾಗಿ ಫೈಲ್‌ಗಳನ್ನು ಓದಿ ತೀರ್ಮಾನಿಸುವುದಕ್ಕಿಂತ ಎಸ್‌ಎಸ್‌ಎಚ್‌ಡಿಯನ್ನೇ ಕೇಳುವುದು ಲೇಸು: ರೂಟ್ ಆಗಿ ಎಸ್‌ಎಸ್‌ಎಚ್‌ಡಿ ಕಮಾಂಡಿಗೆ ದೊಡ್ಡಕ್ಷರದ ‘-ಟಿ’ ಕೊಟ್ಟರೆ ಎಲ್ಲ ಫೈಲ್‌ಗಳನ್ನೂ ಓದಿದ ಮೇಲೆ ಉಳಿದ ಅಂತಿಮ ಬೆಲೆಗಳನ್ನು ಅದು ಮುದ್ರಿಸುತ್ತದೆ. ಅಲೌಯೂಸರ್ಸ್, ಅಲೌಗ್ರೂಪ್ಸ್ ಪಟ್ಟಿಗಳಲ್ಲಿ ನಮ್ಮ ಹೆಸರು ಬಿಟ್ಟುಹೋಗಿದೆಯೇ, ರೂಟ್ ಲಾಗಿನ್‌ಗೆ ಪಾಸ್‌ವರ್ಡ್ ನಿಷಿದ್ಧವೇ ಎಂಬುದೂ ಅಲ್ಲಿಯೇ ತಿಳಿಯುತ್ತದೆ.

ಸೆಟ್ಟಿಂಗ್ ಬದಲಿಸುವವರಿಗೆ ನನ್ನದೊಂದು ಕಳಕಳಿಯ ಮಾತು. ಈಗಾಗಲೇ ತೆರೆದಿರುವ ಒಂದು ಸೆಷನ್ ಇದ್ದರೆ ಅದನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಸೇವೆಯನ್ನು ರೀಲೋಡ್ ಮಾಡಿದರೆ ತೆರೆದ ಸಂಪರ್ಕಗಳು ಕಡಿಯುವುದಿಲ್ಲ. ಮೊದಲು ಸಣ್ಣಕ್ಷರದ ‘-ಟಿ’ ಕೊಟ್ಟು ಸಂರಚನೆಯಲ್ಲಿ ಬರವಣಿಗೆಯ ದೋಷವಿಲ್ಲವೆಂದು ಪರೀಕ್ಷಿಸಿ, ಆಮೇಲೆ ರೀಲೋಡ್ ಮಾಡಿ, ಇನ್ನೊಂದು ಕಿಟಕಿಯಿಂದ ಹೊಸದಾಗಿ ಒಳಹೊಕ್ಕು ನೋಡಿ, ಅದು ಯಶಸ್ವಿಯಾದ ನಂತರವೇ ಹಳೆಯದನ್ನು ಬಿಡಿ.

ಕೀಲಿಯೂ ಸರಿ, ಪಾಸ್‌ವರ್ಡೂ ಸರಿ, ಆದರೂ ಪ್ರವೇಶವಿಲ್ಲ ಎಂದಾದರೆ ಪ್ಯಾಮ್ ಕಡೆಗೆ, ಅಂದರೆ ಲಿನಕ್ಸ್‌ನಲ್ಲಿ ಲಾಗಿನ್ ಪರಿಶೀಲಿಸುವ ವ್ಯವಸ್ಥೆಯ ಕಡೆಗೆ, ತಿರುಗಬೇಕು. ಪ್ಯಾಮ್_ಫೇಲ್‌ಲಾಕ್ ಇರುವ ಕಡೆ ಅದರ ಮೊದಲ ಸೆಟ್ಟಿಂಗ್‌ನಂತೆ 3 ಬಾರಿ ತಪ್ಪಿದರೆ ಖಾತೆ 600 ಸೆಕೆಂಡು ಬೀಗ ಹಾಕಿಕೊಳ್ಳುತ್ತದೆ. ಆ ಅವಧಿಯಲ್ಲಿ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಉತ್ತರ ಮೊದಲಿನದೇ, ಬಳಕೆದಾರ ತನ್ನ ನೆನಪನ್ನೇ ಶಂಕಿಸತೊಡಗುತ್ತಾನೆ. ಫೇಲ್‌ಲಾಕ್ ಕಮಾಂಡಿನಿಂದ ಎಣಿಕೆಯನ್ನು ನೋಡಬಹುದು, ಅಳಿಸಲೂಬಹುದು. ಖಾತೆಯ ಅವಧಿ ಮುಗಿದಿದ್ದರೆ ಕೀಲಿಯಿಂದ ಬಂದವರನ್ನೂ ಪ್ಯಾಮ್ ತಡೆಯುತ್ತದೆ, ಏಕೆಂದರೆ ಖಾತೆಯ ಪರಿಶೀಲನೆ ಕೀಲಿಯ ಪರಿಶೀಲನೆಯ ನಂತರದ ಪ್ರತ್ಯೇಕ ಹಂತ. ಕ್ಲೈಂಟಿಗೆ ಕಾಣುವುದು ಸಂಪರ್ಕ ಮುಚ್ಚಿಹೋದದ್ದಷ್ಟೇ. ಲಾಗ್‌ನಲ್ಲಿ ಪ್ಯಾಮ್‌ನ ಖಾತೆ ನಿಯಮದಿಂದ ನಿರಾಕರಣೆಯಾಯಿತು ಎಂದಿರುತ್ತದೆ, ಸಿಎಚ್‌ಏಜ್ ಕಮಾಂಡಿಗೆ ‘-ಎಲ್’ ಕೊಟ್ಟರೆ ಅವಧಿ ಮುಗಿದ ದಿನಾಂಕ ಸಿಗುತ್ತದೆ.

ಇನ್ನು ಉಳಿದದ್ದು ಲಾಗ್ ಕೂಡ ಮೌನವಾಗಿರುವ ಪ್ರಕರಣಗಳು. ಸಾಮಾನ್ಯ ಮಟ್ಟದಲ್ಲಿ ಎಸ್‌ಎಸ್‌ಎಚ್‌ಡಿ ಎಲ್ಲವನ್ನೂ ಬರೆಯುವುದಿಲ್ಲ. ಆಗ 2222ನೇ ಪೋರ್ಟಿನಲ್ಲಿ, ಪೂರ್ಣ ಪಥದ ಹೆಸರು ಕೊಟ್ಟು, ‘-ಡಿ’ ಆಯ್ಕೆಯೊಂದಿಗೆ ಎರಡನೆಯ ಎಸ್‌ಎಸ್‌ಎಚ್‌ಡಿಯನ್ನು ನಡೆಸಿದರೆ, ಒಂದು ಸಂಪರ್ಕದ ಮಟ್ಟಿಗೆ ತಾನು ಯಾವ ಫೈಲ್ ತೆರೆದೆ, ಯಾವುದನ್ನು ತೆರೆಯಲಾಗಲಿಲ್ಲ ಎಂಬುದನ್ನು ಅದು ಪರದೆಯ ಮೇಲೆಯೇ ಹೇಳುತ್ತದೆ. ಹೀಗೆ ಕೈಯಿಂದ ನಡೆಸಿದಾಗ ಲಾಗಿನ್ ಸಲೀಸಾಗಿ ಆಗಿ, 22ನೇ ಪೋರ್ಟಿನಲ್ಲಿ ಮಾತ್ರ ಆಗದಿದ್ದರೆ ಅದೇ ಒಂದು ದೊಡ್ಡ ಸುಳಿವು. ರೂಟ್ ಶೆಲ್‌ನಿಂದ ಆರಂಭಿಸಿದ ಎಸ್‌ಎಸ್‌ಎಚ್‌ಡಿಗೆ ಸೇವೆಯಾಗಿ ನಡೆಯುವಾಗಿನ ಎಸ್‌ಇಲಿನಕ್ಸ್ (ಯಾವ ಪ್ರೋಗ್ರಾಮ್ ಯಾವ ಫೈಲ್ ಮುಟ್ಟಬಹುದು ಎಂದು ಲೇಬಲ್‌ಗಳಿಂದ ನಿರ್ಧರಿಸುವ ಭದ್ರತಾ ವ್ಯವಸ್ಥೆ) ನಿರ್ಬಂಧಗಳು ಅನ್ವಯವಾಗುವುದಿಲ್ಲ. ಆದ್ದರಿಂದ ಅಡ್ಡಿ ಎಸ್‌ಇಲಿನಕ್ಸ್‌ನದೇ ಇರಬೇಕೆಂದು ಶಂಕಿಸಬಹುದು. ಹೋಮ್ ಡೈರೆಕ್ಟರಿಯನ್ನು ಬೇರೆ ಡಿಸ್ಕಿಗೆ ಸ್ಥಳಾಂತರಿಸಿದ ಒಂದು ಯಂತ್ರದಲ್ಲಿ 700, 600 ಎಲ್ಲವೂ ಸರಿಯಿದ್ದೂ ಕೀಲಿ ನಡೆಯದೆ, ನಾನು ಅರ್ಧ ದಿನ ಪರದಾಡಿದ್ದೆ. ‘ಎಲ್‌ಎಸ್’ಗೆ ದೊಡ್ಡಕ್ಷರದ ‘-ಜೆಡ್’ ಕೊಟ್ಟಾಗ ಫೈಲಿನ ಲೇಬಲ್ ತಪ್ಪಿರುವುದು ಕಂಡಿತು. ಹೊಸ ಜಾಗ ಹೋಮ್ ಡೈರೆಕ್ಟರಿಗಳದ್ದು ಎಂದು ಎಸ್‌ಇಲಿನಕ್ಸ್‌ಗೆ ತಿಳಿಸಿ, ಲೇಬಲ್ ಸರಿಪಡಿಸುವ ರಿಸ್ಟೋರ್‌ಕಾನ್ ನಡೆಸಿದ ಮೇಲೆ ಎಲ್ಲವೂ ಸರಿಹೋಯಿತು. ಹೋಮ್ ಡೈರೆಕ್ಟರಿ ಗೂಢಲಿಪೀಕರಣಗೊಂಡಿದ್ದರೆ ಇನ್ನೊಂದು ಬಗೆಯ ವಿಚಿತ್ರ ಕಾಣುತ್ತದೆ: ಬಳಕೆದಾರ ಆಗಲೇ ಒಳಗಿದ್ದರೆ ಎರಡನೆಯ ಲಾಗಿನ್ ಆಗುತ್ತದೆ, ಒಳಗಿಲ್ಲದಿದ್ದರೆ ಕೀಲಿಪಟ್ಟಿಯೇ ಎಸ್‌ಎಸ್‌ಎಚ್‌ಡಿಗೆ ಕಾಣುವುದಿಲ್ಲ.

ಅಂದಿನ ಸಂಜೆಯ ಕೆಲಸ ಹೋಮ್ ಡೈರೆಕ್ಟರಿಯಿಂದ ಗುಂಪಿನ ಬರೆಯುವ ಹಕ್ಕನ್ನು ತೆಗೆಯುವುದರೊಂದಿಗೆ ಮುಗಿಯಲಿಲ್ಲ. ಫೇಲ್‌ಟುಬ್ಯಾನ್ ತಡೆಹಿಡಿದ ನನ್ನ ವಿಳಾಸವನ್ನು ಬಿಡಿಸಿ, ಲ್ಯಾಪ್‌ಟಾಪಿನಿಂದ ಒಂದು ಬಾರಿ ಪ್ರಯತ್ನಿಸಿದೆ. ಲಾಗ್‌ನಲ್ಲಿ ‘ಆಕ್ಸೆಪ್ಟೆಡ್ ಪಬ್ಲಿಕ್‌ಕೀ’ ಎಂಬ ಸಾಲು ಮೂಡಿ, ಅದರ ಕೊನೆಯಲ್ಲಿದ್ದ ಬೆರಳಚ್ಚು ನನ್ನ ಹಳೆಯ ಕೀಲಿಯದೇ ಎಂದು ಹೋಲಿಸಿ ನೋಡಿಕೊಂಡೆ. ಹಂಚಿಕೊಳ್ಳಬೇಕಾದ ಫೈಲ್‌ಗಳಿಗೆ /ಎಸ್‌ಆರ್‌ವಿ ಅಡಿಯಲ್ಲಿ ಬೇರೆಯೇ ಡೈರೆಕ್ಟರಿ ಮಾಡಿ ಗುಂಪಿಗೆ ಅಲ್ಲಿ ಹಕ್ಕು ಕೊಟ್ಟೆ. ಕೊನೆಯದಾಗಿ, ಗಾಬರಿಯಲ್ಲಿ ಲ್ಯಾಪ್‌ಟಾಪಿನಲ್ಲಿ ತಯಾರಿಸಿದ್ದ ಹೊಸ ಕೀಲಿ ಜೋಡಿಯನ್ನು ಅಳಿಸಿ, ಕನ್ಸೋಲ್‌ನಿಂದ ಹೊರಬಂದೆ.